ಕಿವಿಯ ಹಿಂದಿನ ಮಸಿ

"ಮಂಡಿನೋವು ಇರೋರೂ ಬರಬಹುದು ಮೇಡಂ. ಓಡೋದಿಲ್ಲ, ಹತ್ತೋದಿಲ್ಲ. ಬೆಳಿಗ್ಗೆ ಬಂಡೆಗುಡ್ಡ ನೋಡೋದು, ಮಧ್ಯಾಹ್ನ ಹಳೇಬೀಡಿನ ತೋಟದಲ್ಲಿ ಎಣ್ಣೆ-ನೀರು, ಸಾಯಂಕಾಲ ಬೇಲೂರಲ್ಲಿ ಕಾಫಿ" ಎಂದು ಗೈಡ್ ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂತು. ಅರಸೀಕೆರೆಯಲ್ಲೇ ಹುಟ್ಟಿ ಅರಸೀಕೆರೆಯಲ್ಲೇ ತಲೆ ನರೆತವಳಿಗೆ ಬಂಡೆ ತೋರಿಸೋಕೆ ಇವನೊಬ್ಬ ಬೇಕೆ? ಊರು ದಾಟಿದರೆ ಎತ್ತ ನೋಡಿದರೂ ಬಂಡೆ. ಬಿಸಿನೀರಂತೂ ಎಲ್ಲರ ಮನೆ ಬಚ್ಚಲಲ್ಲೂ ಇದೆ. ಆದರೂ ಎರಡು ಸೀಟು ಹೇಳಿದೆ. ನನಗೆ ಬೇಕಾಗಿದ್ದದ್ದು ಬಂಡೆಯೂ ಅಲ್ಲ, ನೀರೂ ಅಲ್ಲ. ನನ್ನ ಅಕ್ಕ ನನ್ನನ್ನು ಒಂದೇ ಒಂದು ಸಲ ಗುರುತು ಹಿಡಿಯಬೇಕಾಗಿತ್ತು.

ಅಕ್ಕ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದವಳು. ಮದುವೆಯಾಗಲಿಲ್ಲ. ನನ್ನ ಯಜಮಾನರು ಹೋದ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದೆವು. ಆಮೇಲೆ ಅವಳಿಗೆ ಮರೆವು ಶುರುವಾಯಿತು. ಮೊದಮೊದಲು ಕನ್ನಡಕ, ಬೀಗದಕೈ. ದೀಪಾವಳಿ ಕಳೆಯುವ ಹೊತ್ತಿಗೆ ನಾನು. ಒಂದು ಬೆಳಿಗ್ಗೆ ಕಾಫಿ ಕೊಟ್ಟಾಗ ಲೋಟ ಇಸಿದುಕೊಂಡು, "ಯಾರ್ರೀ ನೀವು? ಪಾಪ, ಒಳ್ಳೆಯವರ ಹಂಗೆ ಕಾಣ್ತೀರಿ" ಎಂದಳು. ಒಳ್ಳೆಯವರಂತೆ! ಅರವತ್ತು ವರ್ಷ ನನ್ನ ಜಡೆ ಹಿಡಿದು ಎಳೆದವಳು. ನನಗೆ ಅಳು ಬರುವ ಮೊದಲು ಸಿಟ್ಟು ಬಂತು.

ಅದರ ಮೇಲೆ ಜಾರಿಬಿದ್ದು ಬಲಗೈ ಭುಜಕ್ಕಿಂತ ಮೇಲೆ ಏಳದಂತಾಯಿತು. ತಲೆಗೆ ನೀರು ಹಾಕುತ್ತೇನೆ ಬಾರೇ ಎಂದರೆ ಸೆರಗು ಬಿಗಿಹಿಡಿದು ಮೂಲೆಗೆ ಸರಿಯುತ್ತಿದ್ದಳು. "ಬೇರೆಯವರ ಮುಂದೆ ಬಟ್ಟೆ ಬಿಚ್ಚೋದು ಹೆಂಗ್ರೀ?" ಎನ್ನುತ್ತಿದ್ದಳು. ತಲೆಯೆಲ್ಲ ಗಂಟು ಕಟ್ಟಿಕೊಂಡಿತ್ತು.

ತೋಟದಲ್ಲಿ ಹಂಡೆ, ಒಲೆ, ಸೀಗೆಪುಡಿ ಎಂದು ಗೈಡ್ ಹೇಳಿದ್ದರಿಂದಲೇ ನನಗೆ ಆಸೆ ಹುಟ್ಟಿತು. ನಮ್ಮಪ್ಪನದು ಕೊಬ್ಬರಿ ವ್ಯಾಪಾರ. ಬಚ್ಚಲೊಲೆಗೆ ವರ್ಷವಿಡೀ ಕಾಯಿಮಟ್ಟೆಯದೇ ಉರಿ. ಶುಕ್ರವಾರ ಅಮ್ಮ ನಮ್ಮಿಬ್ಬರನ್ನೂ ಒಂದೇ ಮಣೆಯ ಮೇಲೆ ಒತ್ತಿ ಕೂರಿಸುತ್ತಿದ್ದಳು, ಅಕ್ಕ ಎಡಕ್ಕೆ, ನಾನು ಬಲಕ್ಕೆ. ಎಣ್ಣೆ ತಟ್ಟಿ, ಸೀಗೆ ಉಜ್ಜಿ, ಕಡೆಯ ಚೊಂಬು ನೀರನ್ನು ತಲೆ ಸುತ್ತ ನಿವಾಳಿಸಿ ಚೆಲ್ಲಿ, ದೃಷ್ಟಿಯಾಗದಿರಲಿ ಎಂದು ಒಲೆಯ ಮಸಿಯನ್ನು ಕಿವಿಯ ಹಿಂದೆ ಇಡುತ್ತಿದ್ದಳು. ಹಣೆಗೆ ಇಟ್ಟರೆ ಸ್ಕೂಲಿನಲ್ಲಿ ನಗುತ್ತಾರೆ ಎಂದು ಅಕ್ಕ ರಂಪ ಮಾಡಿದ್ದಕ್ಕೆ ಕಿವಿಯ ಹಿಂದೆ. ಕೂತ ಹಾಗೆಯೇ ಹೊರಗಡೆ ಸಿಗುವ ಕಿವಿಗೆ: ಅಕ್ಕನಿಗೆ ಎಡಗಿವಿ, ನನಗೆ ಬಲಗಿವಿ. ಇದು ನಮ್ಮ ಮೂವರ ನಡುವಿನ ವಿಷಯ. ನನ್ನ ಯಜಮಾನರಿಗೂ ನಾನು ಹೇಳಿರಲಿಲ್ಲ. ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಯಿತು.

ಆ ಹೊಗೆ ಮೂಗಿಗೆ ಬಡಿದರೆ ಅಕ್ಕನಿಗೆ ಏನಾದರೂ ನೆನಪಾದೀತು ಎಂದು ನಾನು ಲೆಕ್ಕ ಹಾಕಿದ್ದೆ.

ವ್ಯಾನಿನಲ್ಲಿ ನಮ್ಮ ಜೊತೆ ಇದ್ದವರು ಬೆಂಗಳೂರಿನ ಗಂಡ-ಹೆಂಡತಿ ಇಬ್ಬರೇ. ಕಂಡದ್ದಕ್ಕೆಲ್ಲ ಫೋಟೊ ತೆಗೆಯುವ ಜನ. ಗೈಡೇ ಡ್ರೈವರು. ಜಾವಗಲ್ಲಿಗೆ ಮೊದಲೇ ಎಲ್ಲೋ ಎಡಕ್ಕೆ ತಿರುಗಿ ಒಂದು ಗುಡ್ಡದ ಬುಡದಲ್ಲಿ ನಿಲ್ಲಿಸಿದ. ಚಳಿಗಾಲದ ಬಿಸಿಲು, ಗಾಳಿಯೇ ಇರಲಿಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ, ಇದು ಹತ್ತಿರದಿಂದಲೂ ನುಣ್ಣಗಿತ್ತು. ಒಂದರ ಮೇಲೊಂದು ಕೂತ ಮನೆಯಷ್ಟು ದಪ್ಪ ಬಂಡೆಗಳು, ಅವುಗಳ ಮಧ್ಯೆ ಒಬ್ಬರು ನುಸುಳುವಷ್ಟು ಸಂದು. ಹಕ್ಕಿಯ ಸದ್ದೂ ಇರಲಿಲ್ಲ. ಹುಟ್ಟಿದಾರಭ್ಯ ಬಂಡೆ ನೋಡಿದ ನನಗೇ ಅಲ್ಲಿ ದನಿ ಎತ್ತಿ ಮಾತಾಡಲು ಮನಸ್ಸಾಗಲಿಲ್ಲ.

ಅಕ್ಕ ಸಂದಿನ ಎದುರು ಒಂದು ಕಲ್ಲಿನ ಮೇಲೆ ಕೂತವಳು ಏಳಲೇ ಇಲ್ಲ. ಒಳಗಿನ ಕತ್ತಲನ್ನು ನೋಡುತ್ತ ಆಗಾಗ ತಲೆಯಾಡಿಸುತ್ತಿದ್ದಳು. ಯಾರೋ ಮಾತಾಡುತ್ತಿದ್ದಾರೆ, ಇವಳು ಹೂಂಗುಟ್ಟುತ್ತಿದ್ದಾಳೆ ಎನ್ನುವ ಹಾಗೆ. ನಾನು ಹತ್ತಿರ ಹೋಗಿ ಇಣುಕಿದೆ. ಒಳಗೆ ಒಣಗಿದ ಎಲೆ, ತಣ್ಣನೆಯ ವಾಸನೆ. ಅಷ್ಟೇ.

ಹೊರಡುವಾಗ ಗೈಡ್ ಒಂದು ಮಾತು ಹೇಳಿದ. "ನಮ್ಮಲ್ಲಿ ಜನರ ತಲೆ ಎಣಿಸೋದಿಲ್ಲ. ಕುರಿ ಎಣಿಸಿದಂಗೆ ಮನುಷ್ಯರನ್ನ ಎಣಿಸಿದ್ರೆ ಒಂದು ಕಮ್ಮಿ ಆಗುತ್ತೆ ಅಂತ ನಮ್ಮಜ್ಜಿ ಬೈಯೋಳು. ಗುಡ್ಡ ಬಿಡೋವಾಗ ಒಬ್ಬೊಬ್ಬರೂ 'ಬಂದೆ' ಅಂತ ಬಾಯಿಬಿಟ್ಟು ಹೇಳಿ. ಆಗ ಯಾರೂ ಹಿಂದೆ ಉಳಿಯೋಲ್ಲ."

ಬೆಂಗಳೂರಿನಾತ ಖುಷಿಯಾಗಿ ಕೂಗಿದ, "ಬಂದೆ!" ಬಂಡೆ ಅದನ್ನು ತುಂಡು ಮಾಡಿ ವಾಪಸು ಕೊಟ್ಟಿತು. ಹೆಂಡತಿಯೂ ಕೂಗಿದಳು. ನಾನೂ ಸಣ್ಣಗೆ ಬಂದೆ ಎಂದೆ. ಅಕ್ಕ ಬಾಯಿ ಬಿಡಲಿಲ್ಲ. ನಾವೆಲ್ಲ ಅವಳ ಮುಖ ನೋಡುತ್ತ ನಿಂತೆವು. ಆಗ ಸಂದಿನೊಳಗಿಂದ, ಅವಸರವಿಲ್ಲದ ಒಂದು ಹೆಣ್ಣುದನಿ "ಬಂದೆ" ಎಂದಿತು.

"ಎಕೋ ಎಷ್ಟು ಲೇಟಾಗಿ ಬರುತ್ತೆ ನೋಡಿ!" ಎಂದು ಬೆಂಗಳೂರಿನಾಕೆ ಚಪ್ಪಾಳೆ ತಟ್ಟಿದಳು. ಗೈಡ್ ನಗಲಿಲ್ಲ. "ನಡೀರಿ, ನಡೀರಿ, ಬಿಸಿಲೇರುತ್ತೆ" ಎಂದು ಎಲ್ಲರಿಗಿಂತ ಮುಂದೆ ಇಳಿದ. ಅಯ್ಯೋ ಶಿವನೇ, ನನ್ನ ಮೈಯೆಲ್ಲ ಜುಮ್ಮೆಂದಿತ್ತು. ಅಕ್ಕ ಮಾತ್ರ ಎಡಗೈಯನ್ನು ಹಿಂದಕ್ಕೆ ಚಾಚಿ, ಯಾರೂ ಇಲ್ಲದ ಇಳಿಜಾರಿಗೆ ಹೇಳುತ್ತಿದ್ದಳು: "ನಿಧಾನ, ಜಾರ್ತೈತೆ."

ವ್ಯಾನು ಹತ್ತಿದ ಮೇಲೆ ಅವಳು ಕಿಟಕಿಗೆ ಒತ್ತಿಕೊಂಡು ಕೂತಳು. ನಮ್ಮಿಬ್ಬರ ಮಧ್ಯೆ ಒಬ್ಬರ ಜಾಗ ಉಳಿಯಿತು. ನಾನು ಅಲ್ಲಿ ಬ್ಯಾಗಿಟ್ಟೆ. ಅವಳು ಅದನ್ನು ಎತ್ತಿ ಕೆಳಗಿಟ್ಟಳು. ಮತ್ತೆ ಇಟ್ಟೆ. "ಅಲ್ಲಿ ಇಡಬೇಡಿ ಕಣ್ರೀ, ಗೊತ್ತಾಗಲ್ವ?" ಎಂದು ಗದರಿದಳು. ನಾನೂ ಸುಮ್ಮನಿರುವವಳಲ್ಲ. "ಯಾರಪ್ಪಂದು ಈ ಸೀಟು?" ಎಂದು ರೇಗಿಬಿಟ್ಟೆ. ಬೆಂಗಳೂರಿನವರು ತಿರುಗಿ ನೋಡಿದರು. ಹಳೇಬೀಡು ಬರುವವರೆಗೆ ನಾನು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಕೆರೆಯ ಆಚೆ, ತೆಂಗಿನ ತೋಟದೊಳಗೆ ಆ ಸ್ನಾನದ ಮನೆ. ಸಾಲಾಗಿ ಎರಡು ಬಚ್ಚಲು. ಹಂಡೆಗಳು ಒಳಗೆ ಗೋಡೆಯಲ್ಲಿ ಕೂತಿವೆ, ಒಲೆಯ ಬಾಯಿ ಪೂರ್ತಿ ಹೊರಗೆ. ಒಳಗೆ ಸ್ನಾನ ಮಾಡುವವರಿಗೆ ಹೊಗೆ ಸೋಕಬಾರದೆಂದು ಹಾಗೆ ಕಟ್ಟಿದ್ದರು. ಒಲೆ ನೋಡಿಕೊಳ್ಳುವ ಹೆಂಗಸು ಮಟ್ಟೆ ತುರುಕುತ್ತ ಕೂತಿದ್ದಳು. ವಾಸನೆ ಮೂಗಿಗೆ ಬಡಿದದ್ದೇ ನನಗೇ ಅಮ್ಮನ ಬಚ್ಚಲಲ್ಲಿ ನಿಂತ ಹಾಗಾಯಿತು. ಅಕ್ಕನ ಮುಖ ನೋಡಿದೆ. ಏನೂ ಇಲ್ಲ. ಗೋಡೆಯಂಥ ಮುಖ.

"ಬಾರೇ, ನಾನು ಎಣ್ಣೆ ಹಚ್ತೀನಿ" ಎಂದೆ.

"ನೀವ್ಯಾಕ್ರೀ? ನಿಮಗ್ಯಾಕೆ ತೊಂದ್ರೆ" ಎಂದವಳೇ ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋಗಿ ಕದ ಹಾಕಿಕೊಂಡಳು. ಚಿಲಕ ಬಿದ್ದ ಸದ್ದಾಯಿತು. "ಚಿಲಕ ಹಾಕಬೇಡ ಕಣೇ! ಬಿದ್ದುಗಿದ್ದೀಯ!" ಎಂದು ಕದ ಬಡಿದೆ. ಒಲೆಯ ಹೆಂಗಸು ಗೈಡನ್ನು ಕರೆಯಲೇ ಎಂದಳು. ಅಷ್ಟರಲ್ಲಿ ಒಳಗೆ ನೀರು ಮೊಗೆಯುವ ಸದ್ದು ಕೇಳಿತು. ಸ್ವಲ್ಪ ನೋಡೋಣ ಎಂದು ಒಲೆಯ ಬಳಿಯೇ ನಿಂತೆ. ಕುದಿಯುವ ಹಂಡೆ, ಒಂದು ಕೈ ಬಾರದವಳು.

ಮೊದಲು ಬರೀ ನೀರಿನ ಸದ್ದು. ಆಮೇಲೆ ತಲೆಗೆ ಎಣ್ಣೆ ತಟ್ಟುವ ಸದ್ದು ಬಂತು, ಎರಡು ಅಂಗೈಯ ತಟ್ಟು, ಒಂದರ ಹಿಂದೊಂದು, ಬಿಡದೆ. ಅಕ್ಕನ ಒಂದು ಕೈ ಏಳುವುದೇ ಇಲ್ಲವಲ್ಲ ಎಂದುಕೊಂಡೆ. ಆಮೇಲೆ ಅವಳ ನಗು. ಎಷ್ಟು ವರ್ಷವಾಗಿತ್ತೋ ಆ ನಗು ಕೇಳಿ! "ಸಾಕು ಬಿಡಮ್ಮಾ, ಕಣ್ಣು ಉರೀತೈತೆ" ಎಂದಳು.

ಒಲೆಯ ಹೆಂಗಸು ನನ್ನ ಮುಖ ನೋಡಿದಳು. "ಒಳಗೆ ಇನ್ಯಾರವ್ರೆ?" ಎಂದಳು.

ಅಕ್ಕ ಹೊರಗೆ ಬಂದಾಗ ಸೀರೆ ನೆಟ್ಟಗೆ ಉಟ್ಟಿದ್ದಳು. ತಲೆಯ ಗಂಟೆಲ್ಲ ಬಿಡಿಸಿ, ಕೂದಲು ಹಿಂಡಿ, ಟವೆಲ್ಲನ್ನು ನೆತ್ತಿಯ ಮೇಲೆ ಬಿಗಿಯಾಗಿ ಸುತ್ತಿ ಕಟ್ಟಿಯಾಗಿತ್ತು. ನಾನು ಎರಡು ಕೈಯಲ್ಲಿ ಕಟ್ಟಿದರೂ ಅಷ್ಟು ಬಿಗಿ ಬರುವುದಿಲ್ಲ. ಹತ್ತಿರ ಹೋದೆ. ಎಡಗಿವಿಯ ಹಿಂದೆ ಹೆಬ್ಬೆಟ್ಟಿನಷ್ಟು ಮಸಿ ಇತ್ತು.

ಒಳಗಿಂದ ಒಲೆಗೆ ಕೈ ನಿಲುಕುವುದಿಲ್ಲ. ಒಲೆಯ ಬಾಯಿಯಲ್ಲಿ ನಾನೇ ನಿಂತಿದ್ದೆ. "ನೀನು ಇಟ್ಟೆಯಾ?" ಎಂದು ಆ ಹೆಂಗಸಿನ ಮೇಲೆ ಹರಿಹಾಯ್ದೆ. "ನಾನ್ಯಾಕಮ್ಮ ಇಡ್ಲಿ, ನಿಮ್ಮ ಪಕ್ಕದಲ್ಲೇ ಇದ್ನಲ್ಲ!" ಎಂದು ಅವಳು ಎದ್ದು ದೂರ ನಿಂತಳು. ಅವಳಿಗೂ ಹೆದರಿಕೆಯಾಗಿತ್ತು.

ಅಕ್ಕ ನನ್ನ ಕಡೆ ತಿರುಗಿ ಸಲೀಸಾಗಿ ಹೇಳಿದಳು: "ನೀವೂ ಹೋಗಿ. ನೀರು ಆರ್ತೈತೆ, ಬೇಗ ಬಾ ಅಂದ್ಲು."

ನಾನು ಹೋದೆ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೂ ಹೋದೆ. ಒಳಗೆ ಹಬೆ ತುಂಬಿತ್ತು. ಗೋಡೆಯ ಪಕ್ಕ ಒಂದು ಮಣೆ. ಬಲಕ್ಕೆ ಸರಿದು ಕೂತೆ, ಎಡಕ್ಕೆ ಅಕ್ಕನ ಜಾಗ ಬಿಟ್ಟು. ಬಾಗಿಲಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ತಲೆ ತಗ್ಗಿಸಿದೆ. ಅಮ್ಮ ಎಣ್ಣೆ ಹಾಕುವ ಮೊದಲು ನಾವು ಹಾಗೇ ತಗ್ಗಿಸಬೇಕಾಗಿತ್ತು. ಕಾದೆ. ಹಂಡೆಯಲ್ಲಿ ನೀರು ಗುಯ್ಯೆನ್ನುತ್ತಿತ್ತು. ಬೆನ್ನು ತಣ್ಣಗಾಗುತ್ತ ಬಂತು. ಅಮ್ಮಾ ಎಂದೆ. ಇನ್ನೊಂದು ಸಲ, ಸ್ವಲ್ಪ ಜೋರಾಗಿ. ಯಾರೂ ಬರಲಿಲ್ಲ.

ಮೋಸ ಅನ್ನಿಸಿತು. ಅಮ್ಮನನ್ನು ಕಡೆಯವರೆಗೂ ನೋಡಿಕೊಂಡವಳು ನಾನು. ಅಕ್ಕನಿಗೆ ತುತ್ತು ಮಾಡಿ ತಿನ್ನಿಸುವವಳು ನಾನು. ಇಬ್ಬರೂ ಒಂದಾಗಿ ನನ್ನನ್ನು ಆಟಕ್ಕೆ ಸೇರಿಸಿಕೊಳ್ಳದೆ ಬಿಟ್ಟರಲ್ಲ ಎಂದು, ಮುದುಕಿ ನಾನು, ಬಚ್ಚಲಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತೆ. ಎರಡು ಚೊಂಬು ನೀರು ಹುಯ್ದುಕೊಂಡು ಹೊರಗೆ ಬಂದೆ.

ಅಕ್ಕ ಜಗುಲಿಯ ಮೇಲೆ ಕೂದಲು ಹರವಿಕೊಂಡು ಕೂತಿದ್ದಳು. ನನ್ನ ಕೆಂಪು ಕಣ್ಣು ನೋಡಿದಳು. ಎದ್ದು ಬಂದು, ಎಡಗೈಯ ಹೆಬ್ಬೆಟ್ಟಿನಿಂದ ತನ್ನ ಕಿವಿಯ ಹಿಂದಿನ ಮಸಿಯನ್ನು ಉಜ್ಜಿ ತೆಗೆದು, ನನ್ನ ಬಲಗಿವಿಯ ಹಿಂದೆ ಒತ್ತಿದಳು.

"ಅಳಬೇಡ ಕಣೇ, ಹುಚ್ಚುಮುಂಡೇದೆ" ಎಂದಳು. "ನಿನ್ನ ಪಾಲಿಂದೂ ನನಗೇ ಹಚ್ಚಿ ಕಳಿಸವ್ಳೆ."

ನಾನು ಅವಳನ್ನು ತಬ್ಬಿಕೊಂಡೆ. ಸೀಗೆಯ ಘಮ, ಹೊಗೆಯ ಘಮ. ಅವಳೂ ಬಿಡಿಸಿಕೊಳ್ಳಲಿಲ್ಲ. ಬೆಂಗಳೂರಿನಾಕೆ ಅದರ ಫೋಟೊ ತೆಗೆದಳೆಂದು ಕಾಣುತ್ತದೆ. ನಾನು ಕೇಳಿ ಇಸಿದುಕೊಳ್ಳಲಿಲ್ಲ. ಅದರಲ್ಲಿ ಎಷ್ಟು ಜನ ಇದ್ದೇವೋ ನೋಡುವ ಧೈರ್ಯ ನನಗಿಲ್ಲ.

ಬೇಲೂರಿನಲ್ಲಿ ಕಾಫಿ ಕುಡಿದೆವು. ಬೆಂಗಳೂರಿನವರಿಗೆ ಅಲ್ಲೇ ರೂಮಿತ್ತು, ಇಳಿದುಕೊಂಡರು. ಗೈಡ್ ವ್ಯಾನನ್ನು ಅರಸೀಕೆರೆಯ ಕಡೆ ತಿರುಗಿಸಿದ. ಹೊತ್ತು ಮುಳುಗುತ್ತಿತ್ತು. ಅಕ್ಕ ಮತ್ತೆ ಕಿಟಕಿಗೆ ಒತ್ತಿಕೊಂಡು ಕೂತಿದ್ದಳು, ಮಧ್ಯದ ಜಾಗ ಹಾಗೇ ಇತ್ತು. ಈ ಸಲ ನಾನು ಬ್ಯಾಗನ್ನು ಕಾಲ ಹತ್ತಿರ ಇಟ್ಟುಕೊಂಡೆ.

ಜಾವಗಲ್ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿ, ಬಸ್ಸಿನಲ್ಲಿ ಪಕ್ಕದವರನ್ನು ಕೇಳುವ ದನಿಯಲ್ಲಿ ಕೇಳಿದಳು: "ನೀವು ಎಲ್ಲಿ ಇಳೀತೀರ್ರೀ?"

ನಾನು ಬಲಗಿವಿಯ ಹಿಂದೆ ಮುಟ್ಟಿ ನೋಡಿಕೊಂಡೆ. ಬೆರಳಿಗೆ ಮಸಿ ಹತ್ತಿತು.

"ನೀವು ಇಳಿಯೋ ಕಡೇನೇ" ಎಂದೆ.

"ಒಳ್ಳೇದಾಯ್ತು ಬಿಡಿ" ಎಂದಳು ಅಕ್ಕ. "ಹಂಗಾದ್ರೆ ಮೂವರೂ ಒಟ್ಟಿಗೆ ಹೋಗಾನ."