ಚಪ್ಪಡಿಯ ನಡುವಿನ ಹಲ್ಲುಗೆರೆ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತು, ಬೇರೆ ಏನನ್ನೋ ಹೇಳಿ ಎದ್ದಿದ್ದೇನೆ. ವಯಸ್ಸು ಎಪ್ಪತ್ತು ದಾಟಿತು. ಇನ್ನು ಮುಂದೂಡಲಾರೆ.

ಅರಸೀಕೆರೆಯಲ್ಲಿದ್ದುಕೊಂಡು ನೆಲಕ್ಕೆ ಕಲ್ಲು ಹಾಸುವ ಕೆಲಸ ಮಾಡುತ್ತಿದ್ದೆ. ಒಮ್ಮೆ ನಾನೂ ನನಗೆ ಕೆಲಸ ಕಲಿಸಿದ ಮೇಸ್ತ್ರಿಯೂ ಬೇಲೂರಿನ ಒಂದು ಮನೆಗೆ ಬಿಳಿ ಸುಣ್ಣಕಲ್ಲು ಹಾಸಿದೆವು. ಅಂಗಡಿಯಲ್ಲಿ ಕಲ್ಲು ಆರಿಸಿದವನು ನಾನು. ಒಳಗಿನ ಗೆರೆ ಕಾಣಲು ನೀರು ಹಾಕಿ ನೋಡಬೇಕು, ನಾನು ನೋಡಿರಲಿಲ್ಲ. ಪಾಲಿಶ್ ಹೊಡೆದ ಮೇಲೆ ಒಂದು ಚಪ್ಪಡಿಯ ನಡುವೆ ಗರಗಸದ ಹಲ್ಲಿನಂಥ ಕಪ್ಪು ಗೆರೆ ಎದ್ದು ಬಂತು.

“ಒಡೆದಿರೋ ಕಲ್ಲು ಹಾಕಿದ್ದೀರಲ್ರೀ!” ಎಂದು ಮನೆಯ ಯಜಮಾನರು ಕೂಗಾಡಿದರು.

“ಒಡ್ದಿಲ್ಲ ಸ್ವಾಮಿ, ಕಲ್ಲೇ ಹಂಗೈತೆ,” ಎಂದರು ಮೇಸ್ತ್ರಿ.

ಅದೇ ಚಪ್ಪಡಿಯಿಂದ ಕೊಯ್ದು ಉಳಿದ ತುಂಡು ಅಂಗಳದಲ್ಲಿತ್ತು. ಅದರಲ್ಲೂ ಗೆರೆ. ಯಾರೂ ಇಲ್ಲದಾಗ ಎತ್ತಿ ತಟ್ಟಿದೆ, ಠಣ್ ಎಂದಿತು. ಒಡೆದ ಕಲ್ಲು ಹಾಗೆ ದನಿ ಕೊಡುವುದಿಲ್ಲ. ಆದರೂ ಯಜಮಾನರು ಕೇಳಿದಾಗ, “ಇಳಿಸೋವಾಗ ಇವ್ರು ಕೈ ಬಿಟ್ರು,” ಎಂದುಬಿಟ್ಟೆ.

“ಏನ್ಲಾ, ನಾನಾ?” ಎಂದಷ್ಟೇ ಕೇಳಿದರು ಮೇಸ್ತ್ರಿ. ಆಮೇಲೆ ಬೇಲೂರಿನಲ್ಲಿ ಅವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕಣಕಟ್ಟೆಗೆ ಹೋಗಿ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಸೇರಿದರು.

ಕಳೆದ ವರ್ಷ ಹಳೇಬೀಡಿನ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಿದ್ದೆ. ಮೇಜಿನ ಕಲ್ಲಿನಲ್ಲಿ ಅಂಥದೇ ಗೆರೆ. ಎದುರು ಕೂತಿದ್ದ ಹೆಂಗಸು ಅದರ ಮೇಲೆ ಬೆರಳಾಡಿಸುತ್ತಿದ್ದರು. ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತಾರಂತೆ.

“ಅದು ಬಿರುಕಲ್ವಾ, ತಾಯಿ?”

“ಅಲ್ಲ ಯಜಮಾನ್ರೇ. ಮೇಲಿನ ಪದರಗಳ ಭಾರಕ್ಕೆ ಕಲ್ಲು ಒಳಗೊಳಗೇ ನೀರಲ್ಲಿ ಕರಗಿದೆ. ಕರಗದ ಜೇಡಿಮಣ್ಣು ಗೆರೆಯಾಗಿ ಉಳಿದಿದೆ. ಎಲ್ಲ ಕಡೆ ಒಂದೇ ಸಮ ಕರಗಲ್ಲ, ಅದಕ್ಕೇ ಈ ಹಲ್ಲುಗಳು.”

“ಎಷ್ಟು ಕರಗಿರ್ಬೋದು?”

“ಉದ್ದದ ಹಲ್ಲು ಎಷ್ಟಿದೆಯೋ ಅಷ್ಟಾದ್ರೂ ಹೋಗಿರುತ್ತೆ. ಹಲ್ಲುಗಳ ಏರಿಳಿತ ಅಳೆದು, ಎಷ್ಟು ಭಾರ ಬಿದ್ದಿತ್ತು ಅಂತಲೂ ಅಂದಾಜು ಮಾಡ್ತಾರೆ.”

ಅವರ ಸ್ಕೇಲು ಕೇಳಿ ಅಳೆದೆ. ಉದ್ದದ ಹಲ್ಲು ಕಿರುಬೆರಳಿನ ಉಗುರಿನಷ್ಟಿತ್ತು. ಇಷ್ಟು ವರ್ಷ ಕಲ್ಲಿನ ಮೇಲೇ ಮಂಡಿಯೂರಿ ಬದುಕಿದರೂ ಅದರೊಳಗೆ ಏನು ನಡೆದಿರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಬ್ಯಾಂಕಿಗೆ ಹೋದರೂ ಮೊದಲು ನೆಲ ನೋಡುತ್ತೇನೆ.

ಮಾರನೆಯ ದಿನವೇ ಕಣಕಟ್ಟೆ ಬಸ್ಸು ಹತ್ತಿದೆ. ಮೇಸ್ತ್ರಿಗೆ ಕಲ್ಲು ಕರಗುವ ಕಥೆಯನ್ನೆಲ್ಲ ಹೇಳಿದೆ.

“ಅಷ್ಟೆಲ್ಲ ಐತೇನ್ಲಾ ಅದ್ರೊಳ್ಗೆ!” ಎಂದು ಕಣ್ಣರಳಿಸಿದರು. ತಟ್ಟಿ ನೋಡಿದ್ದನ್ನು, ಗೊತ್ತಿದ್ದೂ ಸುಳ್ಳು ಹೇಳಿದ್ದನ್ನು ಮಾತ್ರ ಹೇಳಲು ಬಾಯಿ ಬರಲಿಲ್ಲ. ಅವರು ಕೊಟ್ಟ ನಾಲ್ಕು ಕಾಯಿ ಹೊತ್ತು ಮನೆಗೆ ಬಂದೆ.

ಕಾಯಿ ಇಳಿಸಿಕೊಳ್ಳುತ್ತಾ ನನ್ನ ಹೆಂಡತಿ, “ಅಣ್ಣ ಹೆಂಗವ್ನೆ?” ಎಂದಳು.

ಹೌದು. ನಾನು ಕ್ಷಮೆ ಕೇಳದೆ ಎದ್ದು ಬಂದದ್ದು ಅವಳ ಒಡಹುಟ್ಟಿದ ಅಣ್ಣನ ಮುಂದಿನಿಂದ. ನನ್ನ ಭಾವನ ಮುಂದಿನಿಂದ.