ಹೊಸ್ತಿಲಲ್ಲಿ ನಿಂತು ಹೇಳುವ ಮಾತು

ಎಪ್ಪತ್ಮೂರರ ಸುಮಾರಿಗೆ ಮಾಗಡಿ ರಸ್ತೆಯ ಅಗರಬತ್ತಿ ಕಾರ್ಖಾನೆಯಲ್ಲಿ ಅಣ್ಣಮ್ಮನ ಪಕ್ಕ ಕೂರಲು ಹೆಂಗಸರು ಪೈಪೋಟಿ ನಡೆಸುತ್ತಿದ್ದರು. ಪೊಟ್ಟಣ ಕಟ್ಟುತ್ತಾ ಅವಳು ಮೇಸ್ತ್ರಿಯ ನಡಿಗೆಯನ್ನು ಅಣಕಿಸಿದಳೆಂದರೆ, ಅಳುತ್ತಾ ಬಂದವಳೂ ಸೆರಗನ್ನು ಬಾಯಿಗೊತ್ತಿಕೊಂಡು ನಗಬೇಕು. ಅಂಥವಳು ಮಾರೇನಹಳ್ಳಿಯ ವಠಾರದ ತನ್ನ ಕೋಣೆಗೆ ಬಂದರೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಗಿರಣಿಯಲ್ಲಿದ್ದ ಗಂಡ ಬೆಟ್ಟಯ್ಯ ತೀರಿಕೊಂಡ ಮೇಲೆ ಹಳೆಯ ಮನೆ ಬಿಟ್ಟು ಇಲ್ಲಿಗೆ ಬಂದಿದ್ದಳು. ಮಕ್ಕಳಿಲ್ಲ. ತವರಿನ ದಾರಿ ಎಂದೋ ಮುಚ್ಚಿತ್ತು.

ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಮಾತ್ರ ಹೊಸ್ತಿಲಲ್ಲಿ ನಿಂತು, ಒಳಕ್ಕೆ ಮುಖ ಮಾಡಿ, "ರೀ, ಹೋಗಿ ಬರ್ತೀನಿ. ಸಾರು ಮುಚ್ಚಿಟ್ಟಿದೀನಿ" ಎನ್ನುವಳು. ಆಮೇಲೆ ಬೀಗ ಹಾಕುವಳು.

ಇದು ಪಕ್ಕದ ಮನೆಯ ಹನುಮಕ್ಕನ ಕಿವಿಗೆ ಬೀಳದೆ ಇರುತ್ತದೆಯೇ? ಮೊದಲೇ ಅವಳ ಬಾಯಲ್ಲಿ ಎಳ್ಳುಕಾಳು ನೆನೆಯದು. ಗಂಡ ಸತ್ತವಳು 'ರೀ' ಅನ್ನುತ್ತಾಳೆ, ಊಟ ಮುಚ್ಚಿಡುತ್ತಾಳೆ, ಮೇಲೆ ಬೀಗ ಬೇರೆ ಜಡಿಯುತ್ತಾಳೆ! ಯಾವನನ್ನೋ ಒಳಗೆ ಕೂಡಿಹಾಕಿದ್ದಾಳೆ ಎಂಬ ಸುದ್ದಿ ಕೊಳಾಯಿಕಟ್ಟೆ ದಾಟಿ, ಮನೆಯೊಡತಿ ನೀಲಗಂಗಮ್ಮನವರ ಜಗಲಿ ಮುಟ್ಟಿತು. ಅಷ್ಟರೊಳಗೆ, ಶಿವನೇ, ಆ ಗಂಡಸು ಕೆಮ್ಮಿದ್ದನ್ನೂ ಯಾರೋ ಕೇಳಿಸಿಕೊಂಡಿದ್ದರಂತೆ.

ಒಂದು ಬೆಳಿಗ್ಗೆ ಅಣ್ಣಮ್ಮ ಬೀಗ ಹಾಕುತ್ತಿದ್ದಂತೆ ನೀಲಗಂಗಮ್ಮ ಎದುರಿಗೆ ಬಂದು ನಿಂತರು. ಅವರ ಹಿಂದೆ ಹನುಮಕ್ಕ.

"ಬಾಗಿಲು ತೆಗಿ ತಾಯಿ. ಒಳಗಡೆ ಯಾರಾದ್ರೂ ಇದ್ರೆ ಇವತ್ತೇ ಮನೆ ಖಾಲಿ ಮಾಡ್ಬೇಕು."

ಒಂಟಿ ಹೆಂಗಸಿಗೆ ಮನೆ ಕೊಡುವವರು ಯಾರು? ಎಷ್ಟೋ ಬಾಗಿಲು ತಟ್ಟಿದ ಮೇಲೆ ಈ ಕೋಣೆ ಸಿಕ್ಕಿತ್ತು. ಅಣ್ಣಮ್ಮ ಬೀಗ ತೆಗೆದಳು. ಒಳಗೆ ಒಂದು ಚಾಪೆ, ಸೀಮೆಎಣ್ಣೆ ಸ್ಟವ್ವು, ಮೊಳೆಗೆ ನೇತುಹಾಕಿದ ಬೆಟ್ಟಯ್ಯನ ಖಾಕಿ ಷರ್ಟು. ಹನುಮಕ್ಕ ಬಾಗಿಲ ಸಂದಿಯನ್ನೂ ಇಣುಕಿ ನೋಡಿದಳು.

"ಮತ್ತೆ ಯಾರಿಗಮ್ಮ ಹೇಳ್ತಿದ್ದೆ?" ಎಂದರು ನೀಲಗಂಗಮ್ಮ.

ಅಣ್ಣಮ್ಮ ನಗಲು ನೋಡಿದಳು, ಆಗಲಿಲ್ಲ. "ಅಭ್ಯಾಸ ಅಮ್ಮ. ಅವ್ರು ನೈಟ್ ಶಿಫ್ಟ್ ಮುಗಿಸ್ಕೊಂಡು ಬಂದು ಮಲಗೋರು. ನಾನು ಹೊರಡೋವಾಗ ಕಂಬಳಿ ಒಳಗಿಂದ್ಲೇ 'ಹೂಂ, ಬಾ' ಅನ್ನೋರು. ಅಷ್ಟು ಅನ್ನಿಸ್ಕೊಂಡು ಹೋದ್ರೆ ದಿನ ಹೆಂಗೋ ತಳ್ಳಬಹುದು."

"ಈಗ ಯಾರೂ ಅನ್ನಲ್ವಲ್ಲ."

"ಅನ್ನಲ್ಲ. ಅದಕ್ಕೆ ನಾನೂ ಹೇಳೋದು ಬಿಟ್ಬಿಟ್ರೆ, ಆಮೇಲೆ ಕೆಲಸಕ್ಕೆ ಹೋಗೋದೂ ಬಿಟ್ಬಿಡ್ತೀನೇನೋ ಅಂತ ಭಯ ಅಮ್ಮ."

ನೀಲಗಂಗಮ್ಮ ಹನುಮಕ್ಕನನ್ನು ಕರೆದುಕೊಂಡು ಹೊರಟುಹೋದರು. ಕೋಣೆ ಉಳಿಯಿತೋ ಹೋಯಿತೋ ತಿಳಿಯದೆ ಅಣ್ಣಮ್ಮ ಅಂದು ಕಾರ್ಖಾನೆಯಲ್ಲಿ ಯಾರನ್ನೂ ನಗಿಸಲಿಲ್ಲ. ಮನೆಗೆ ಬಂದವಳೇ ಷರ್ಟನ್ನು ಮಡಚಿ ಟ್ರಂಕಿನಲ್ಲಿಟ್ಟಳು.

ಮರುದಿನ ನಾಚಿಕೆಯಿಂದ, ಒಂದು ಮಾತೂ ಆಡದೆ ಬೀಗ ಹಾಕಿದಳು. ಇಷ್ಟು ಒಂಟಿ ಎಂದು ಗಂಡ ಸತ್ತ ದಿನವೂ ಅವಳಿಗೆ ಅನ್ನಿಸಿರಲಿಲ್ಲ. ಗೇಟಿನ ಬಳಿ ನೀಲಗಂಗಮ್ಮ ಬಗ್ಗಿ ರಂಗೋಲಿ ಹಾಕುತ್ತಿದ್ದರು. ತಲೆಯೆತ್ತಲಿಲ್ಲ.

"ಏನಮ್ಮ, ಹೇಳ್ದೇನೆ ಹೊರಟ್ಯಾ?"

ಅಣ್ಣಮ್ಮ ಅವರ ಕಡೆ ತಿರುಗಿದಳು. "ಹೋಗಿ ಬರ್ತೀನಿ ಅಮ್ಮ" ಎಂದಳು.

"ಹೂಂ, ಬಾ."