ಟಾಕೀಸಿನಲ್ಲಿ ಸದ್ದಲೇ

ನನಗಾಗ ಐವತ್ತು ದಾಟಿತ್ತು. ಅದಾಗಿ ಇಪ್ಪತ್ತೈದು ವರ್ಷದ ಮೇಲಾಯಿತು. ಮುಂಬಯಿಗೆ ಹೋದ ವಾರದಲ್ಲೇ ನಾನು ಮೂಗಿಯಾದೆ.

ಮಾಡಿದವಳು ನನಗಿಂತ ಮೊದಲೇ ಮುಂಬಯಿ ಸೇರಿದ್ದ ಗೆಳತಿ, ತೆಲಿಗಿಯ ನೀಲವ್ವ. ಗಂಡ ಸತ್ತ ಮೇಲೆ ನಮ್ಮ ಕುರಿಗಳನ್ನು ಮೈದುನ ಹೊಡೆದುಕೊಂಡು ಹೋದ. ನಾನು ಕೂಡ್ಲಿಗಿಯಲ್ಲಿ ಬಸ್ಸು ಹತ್ತಿ ಇವಳ ಖೋಲಿಗೆ ಬಂದೆ. ಖೋಲಿ ಎಂದರೆ ಅಲ್ಲಿಯವರಿಗೆ ಇಡೀ ಮನೆ; ನಾವು ಕುರಿಮರಿ ಕೂಡಿಹಾಕುವ ಗೂಡು ಅದಕ್ಕಿಂತ ಅಗಲ. ನೀಲವ್ವ ಒಂದು ಸಿನಿಮಾ ಟಾಕೀಸಿನಲ್ಲಿ ಕಸ ಹೊಡೆಯುತ್ತಿದ್ದಳು. ಮರಾಠಿ ಬಾರದವರನ್ನು ಅಲ್ಲಿಯ ಮ್ಯಾನೇಜರ್ ಇಟ್ಟುಕೊಳ್ಳುತ್ತಿರಲಿಲ್ಲ.

"ಮೂಗಿ ಅಂತ ಹೇಳೀನಿ ಹಾಲವ್ವ. ಕಿವಿ ಕೇಳ್ತಾವ, ಬಾಯಿಲ್ಲ. ಬಾಯಿ ಬಿಟ್ಟಿ ಅಂದ್ರ ಕೆಲಸ ಹೋತು. ಕೆಲಸಿಲ್ಲದಾಕಿನ್ನ ನಾನೂ ಇಟ್ಕೊಳ್ಳಂಗಿಲ್ಲ."

"ಬೈಬೇಕು ಅನಿಸಿದ್ರ?"

"ನುಂಗು."

ನುಂಗಿದೆ. ಪಾವ್ ನುಂಗಿದ ಹಾಗೆ. ಪಾವ್ ಎಂದರೆ ಅರಳೆಯಂಥ ರೊಟ್ಟಿ, ಹಲ್ಲಿಗೆ ಕೆಲಸವೇ ಇಲ್ಲ. ನಮ್ಮೂರು ಕೊಟ್ಟೂರಿನ ನಲ್ಲಿಯಲ್ಲಿ ಜಗಳವಾಡದೆ ಕೊಡ ತುಂಬದು. ಇಲ್ಲಿ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡು ಎಲ್ಲರ ಹಿಂದೆ ನಿಂತೆ. ನಿಂತು ಅವರ ಮಾತು ಕೇಳಿದೆ.

ಹೀಗಿರುವಾಗ ಒಂದು ವಾರ ಬಂದದ್ದು ಕಥೆಯೇ ಇಲ್ಲದ ಸಿನಿಮಾ. ಹೊರದೇಶದ ಯಾವನೋ ರಾಕ್ ಹಾಡುಗಾರ ಬಯಲಿನಲ್ಲಿ ಕುಣಿದು ಹಾಡಿದ್ದನ್ನು ಹಾಗೇ ಹಿಡಿದು ತಂದಿದ್ದರು. ಪರದೆಯ ತುಂಬ ಜನ, ಮೈಲಾರದ ಜಾತ್ರೆಯಲ್ಲಿ ಸೇರಿದಂತೆ. ಟಾಕೀಸಿನ ಹುಡುಗರೂ ಕುರ್ಚಿ ಹತ್ತಿ ಕುಣಿಯುತ್ತಿದ್ದರು. ನಾನು ಪೊರಕೆ ಹಿಡಿದು ಹಿಂದಿನ ಬಾಗಿಲಲ್ಲಿ ನಿಂತಿದ್ದೆ.

ಆ ಹಾಡುಗಾರ ಕಬ್ಬಿಣದ ಅಟ್ಟಣಿಗೆಯನ್ನು ಏರತೊಡಗಿದ. ತುದಿ ಮುಟ್ಟಿ ಒಂದು ಕೈ ಎತ್ತಿದ. ವಾದ್ಯ ನಿಂತಿತು. ಆ ಜಾತ್ರೆಯಲ್ಲಿ ನಮ್ಮ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಕಾರಣಿಕ, ಅಂದರೆ ಬರುವ ವರ್ಷದ ದೇವವಾಣಿ, ನುಡಿಯುವುದು ಹೀಗೇ. ಅವನು "ಸದ್ದಲೇ" ಎಂದರೆ ಕೈಕೂಸೂ ಅಳುವುದಿಲ್ಲ. ಈ ಹುಡುಗರೋ ಸಿಳ್ಳೆ ಹೊಡೆಯುತ್ತಲೇ ಇದ್ದರು. ಅಟ್ಟಣಿಗೆ ಮೇಲಿನವನ ಮಾತು ಯಾರಿಗೆ ಕೇಳೀತು?

"ಸದ್ದಲೇ!" ಎಂದು ಕೂಗಿಬಿಟ್ಟೆ.

ಇಡೀ ಟಾಕೀಸು ಗಪ್ಪಾಯಿತು. ಪರದೆಯ ಮೇಲೆ ಅವನು ಮಾತೇ ಆಡಲಿಲ್ಲ. ಹಿಮ್ಮುಖವಾಗಿ ಬಿದ್ದ, ಕೆಳಗಿನ ಜನ ಕೈಯೊಡ್ಡಿ ಹಿಡಿದರು, ನಮ್ಮವರು ಗೊರವಯ್ಯನನ್ನು ಹಿಡಿಯುವಂತೆ. ನನ್ನನ್ನು ಹಿಡಿದದ್ದು ಮ್ಯಾನೇಜರನ ಬ್ಯಾಟರಿ ಬೆಳಕು.

"ಮುಕೀ ಬೋಲಲೀ!" ಮೂಗಿ ಮಾತಾಡಿದಳು ಎಂದ. ಪೊರಕೆ ಕಿತ್ತುಕೊಂಡ. ನಾಳೆ ಬರಬೇಡ ಎಂದ. ಅಷ್ಟೂ ನನಗೆ ಅರ್ಥವಾಯಿತು.

ಖೋಲಿಯಲ್ಲಿ ನೀಲವ್ವ ತಲೆ ಚಚ್ಚಿಕೊಂಡಳು. "ಮೈಲಾರಪ್ಪ ಬಾಯಿ ಕೊಟ್ಟ ಅಂತ ಹೇಳೋಣು. ಕಾಲಿಗೆ ಬೀಳ್ತಾನ ಮ್ಯಾನೇಜರ."

"ದೇವರು ಯಾಕ ಕೊಡ್ತಾನ? ಮುಚ್ಚಿಸಿದಾಕಿ ನೀನು."

"ಹಂಗಾರ ಗಂಟು ಕಟ್ಟು. ಕೊಟ್ಟೂರಿಗೆ ಹೋಗಿ ಮೈದುನನ ಕುರಿ ಕಾಯಿ."

ಗಂಟು ಕಟ್ಟಿದೆ. ಮತ್ತೆ ಬಿಚ್ಚಿದೆ. ಆ ಗಂಟು ಇವತ್ತಿಗೂ ಹಾಗೇ. ಊರಿಗೆ ಬಂದರೆ ಎರಡು ದಿನಕ್ಕೆ ಕಾಲು ತುರಿಸುತ್ತದೆ. ಅಲ್ಲಿಗೆ ಹೋದರೆ ನಾಲಿಗೆ ತುರಿಸುತ್ತದೆ.

ಮರುದಿನ ಬೆಳಿಗ್ಗೆ ನೀಲವ್ವನಿಗಿಂತ ಮೊದಲೇ ಟಾಕೀಸಿಗೆ ಹೋದೆ. ಮ್ಯಾನೇಜರ್ ಚಹಾ ಕುಡಿಯುತ್ತಿದ್ದ. "ಮಾಝಾ ಝಾಡೂ ಕುಠೇ ಆಹೇ?" ಎಂದೆ. ನನ್ನ ಪೊರಕೆ ಎಲ್ಲಿ ಎಂದು, ಅವರದೇ ಮಾತಿನಲ್ಲಿ. ಅವನು ಬಟ್ಟಲು ಕೆಳಗಿಟ್ಟ. ಆಮೇಲೆ ಗದ್ದದಿಂದ ಬಾಗಿಲ ಸಂದಿ ತೋರಿಸಿದ.

ಎತ್ತಿಕೊಂಡು ಒಳಗೆ ಹೋದೆ. ಒಂದೊಂದೇ ಸಾಲು ಗುಡಿಸುತ್ತ, ಆ ಖಾಲಿ ಕುರ್ಚಿಗಳನ್ನು ನಮ್ಮ ಮಾತಿನಲ್ಲಿ ಬಾಯಿ ತುಂಬ ಬೈದೆ.